ಮೂಲೆಗಲ್ಲಿನ ಕೆಳಗೆ

ಮೇಲಿನ ಮಜಲಿನಲ್ಲಿ ಯಾರೋ ಸೀನಿದರು.

ಒಂದೇ ಸೀನು. ಬಾಯಿಗೆ ಬಟ್ಟೆ ಒತ್ತಿ ಹಿಡಿದರೂ ತಪ್ಪಿಸಿಕೊಂಡು ಬಂದಂಥದ್ದು. ಆಮೇಲೆ ಇಡೀ ಕಟ್ಟಡ ಮತ್ತೆ ಬಾಯಿ ಮುಚ್ಚಿಕೊಂಡಿತು.

ನೆಲದ ಮೇಲೆ ನಕಾಶೆ ಹರಡಿಕೊಂಡು ಕೂತಿದ್ದ ಸತ್ಯಪ್ಪ ತಲೆ ಎತ್ತಿದ. ಕೈಯಲ್ಲಿದ್ದ ಪೆನ್ಸಿಲು ಹಾಗೇ ನಿಂತಿತು.

ಮಟಮಟ ಮಧ್ಯಾಹ್ನ. ಮೇ ತಿಂಗಳ ಬಿಸಿಲಿಗೆ ನಿಪ್ಪಾಣಿಯ ನಾಯಿಗಳೂ ಗಟಾರದ ತಂಪು ಹುಡುಕಿಕೊಂಡು ಹೋಗಿದ್ದವು. ಕಟ್ಟಡದ ಕೆಲಸಕ್ಕೆ ತಡೆ ಬಿದ್ದು ಒಂದೂವರೆ ತಿಂಗಳು. ಗೋಡೆ ಕಟ್ಟುವ ಗೌಂಡಿಗಳಿಲ್ಲ, ಆಳುಗಳಿಲ್ಲ. ಬಾಗಿಲು ಕೂರಿಸದ ಚೌಕಟ್ಟುಗಳು, ಗಾಜಿಲ್ಲದ ಕಿಟಕಿಗಳು. ನಾಲ್ಕು ಮಜಲಿನ ಈ ಅಪಾರ್ಟ್‌ಮೆಂಟಿನಲ್ಲಿ ತಾನೊಬ್ಬನೇ ಇದ್ದೇನೆಂದು ಅವನು ಮುಂಜಾನೆಯಿಂದ ನಂಬಿದ್ದ.

ಈ ಕಟ್ಟಡದ ವಿರುದ್ಧ ಪುರಸಭೆಗೆ ತಕರಾರು ಅರ್ಜಿ ಕೊಟ್ಟು ಕೆಲಸ ನಿಲ್ಲಿಸಿದ್ದ ನಾಮದೇವ ಎಂಬ ಮನುಷ್ಯ ಒಂಬತ್ತು ದಿನಗಳ ಹಿಂದೆ ಎದುರಿನ ಓಣಿಯಿಂದ ಕಾಣೆಯಾಗಿದ್ದ. ಸೋಮವಾರ ಹನ್ನೊಂದು ಗಂಟೆಗೆ ಆ ಅರ್ಜಿಯ ವಿಚಾರಣೆ. ಅಷ್ಟರೊಳಗೆ ಜಾಗ ಅಳೆದು ಗಡಿ ಎಲ್ಲಿದೆ ಎಂದು ನೋಡಿ ವರದಿ ಕೊಡಬೇಕಾದವನು ರಾಯಬಾಗದ ಈ ನಿವೃತ್ತ ಮೋಜಣಿದಾರ. ಇಂದು ಶನಿವಾರ.

ಸತ್ಯಪ್ಪ ಎದ್ದ. ಎದ್ದ ಕೂಡಲೇ ಅವನಿಗೂ ಮೂಗು ಕೆರಳಿತು.

ಅರವತ್ತು ವರ್ಷ ಇಲ್ಲಿ ತಂಬಾಕು ತುಂಬಿಡುವ ವಖಾರಿ ಇತ್ತು. ಅದನ್ನು ಕೆಡವಿ ಎರಡು ವರ್ಷವಾದರೂ ನೆಲ ತನ್ನ ಘಾಟು ಬಿಟ್ಟಿರಲಿಲ್ಲ. ಬಿಸಿಲೇರಿದಂತೆ ಮಣ್ಣು ಉಸಿರು ಬಿಡುತ್ತಿತ್ತು. ಹಳೆಯ ತಂಬಾಕಿನ ಪುಡಿ ಕಣ್ಣಿಗೆ ಕಾಣದೆ ಮೆಟ್ಟಿಲು ಹತ್ತಿ ಕೋಣೆ ಕೋಣೆಗೆ ಹೋಗುತ್ತಿತ್ತು. ಅದಕ್ಕೇ ಓಣಿಯವರು ಈ ಕಟ್ಟಡದೊಳಗೆ ಕಾಲಿಡುತ್ತಿರಲಿಲ್ಲ. ಕೆಡವಿದ ವಖಾರಿ ಒಳಗೊಳಗೇ ಜೀವ ಹಿಡಿದಿದೆ ಎನ್ನುತ್ತಿದ್ದರು. ಹೋದ ಸೆಪ್ಟೆಂಬರಿನಲ್ಲಿ ಕಿಲ್ಲಾರಿಯ ಭೂಕಂಪ ಆದ ಮೇಲಂತೂ ಎತ್ತರದ ಗೋಡೆ ಕಂಡರೆ ಎಲ್ಲರಿಗೂ ಹೆದರಿಕೆ. ನಾಮದೇವ ಕಾಣೆಯಾದ ಮರುದಿನವೇ ನೀರಿನ ನಳದ ಹತ್ತಿರ ಮಾತು ಹುಟ್ಟಿತ್ತು: ನಾಲ್ಕು ಮಜಲು ನಿಲ್ಲಬೇಕಾದರೆ ಒಂದು ಜೀವ ಬೇಕಾಗುತ್ತದೆ, ಯಾವುದಾದರೊಂದು ಕಂಬ ಒಡೆದು ನೋಡಿ.

ಅವನು ಮೆಟ್ಟಿಲು ಹತ್ತಿದ. ಕಟಕಟೆ ಇನ್ನೂ ಹಾಕಿರಲಿಲ್ಲ. ಒಂದು ಕೈ ಗೋಡೆಗೆ ಹಚ್ಚಿ, ಒಂದೊಂದೇ ಮೆಟ್ಟಿಲು.

ಮೊದಲನೇ ಮಜಲು. ಖಾಲಿ ಸಿಮೆಂಟಿನ ಚೀಲಗಳು. ಎರಡನೇ ಮಜಲು. ಯಾರೋ ಗಾರೆ ಮೆತ್ತುತ್ತ ಅರ್ಧಕ್ಕೆ ಬಿಟ್ಟುಹೋದ ಗೋಡೆ, ಗಾರೆಯಲ್ಲಿ ಐದು ಬೆರಳಿನ ಅಚ್ಚು.

ಮೂರನೇ ಮಜಲಿನಲ್ಲಿ ಓಣಿಯ ಕಡೆಗಿನ ಕೋಣೆಗೆ ಬಂದು ನಿಂತ.

ಮೂಲೆಯ ಕಂಬದ ಬುಡದಲ್ಲಿ ಒಂದು ಗೋಣಿಚೀಲ ಹಾಸಿತ್ತು. ಅದರ ನಡುವೆ ಕುಳಿ ಬಿದ್ದಿತ್ತು, ಈಗಷ್ಟೇ ಯಾರೋ ಎದ್ದುಹೋದಂತೆ. ಸತ್ಯಪ್ಪ ಬಗ್ಗಿ ಅಂಗೈ ಇಟ್ಟು ನೋಡಿದ. ನೆಲ ತಣ್ಣಗಿತ್ತು. ಗೋಣಿ ಬೆಚ್ಚಗಿತ್ತು.

ಕಂಬದ ಮೇಲೆ ಬಿಳಿ ಗೆರೆಗಳು.

ತಂಬಾಕು ತಿನ್ನುವವರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ಬೆರಳಿಗೆ ಉಳಿದದ್ದನ್ನು ಗೋಡೆಗೆ ಒರೆಸುತ್ತಾರೆ. ಈ ಸೀಮೆಯಲ್ಲಿ ಆ ಗೆರೆಯಿಲ್ಲದ ಗೋಡೆಯೇ ಇಲ್ಲ. ಆದರೆ ಜನ ಕೈಗೆ ಬಂದ ಕಡೆ ಒರೆಸುತ್ತಾರೆ. ಇಲ್ಲಿ ಗೆರೆಗಳು ಒಂದರ ಕೆಳಗೊಂದು, ಒಂದೇ ಉದ್ದ, ಒಂದೇ ಓರೆ, ಶಾಲೆಯ ಮಕ್ಕಳು ಪಾಟಿಯ ಮೇಲೆ ಎಳೆದ ಹಾಗೆ.

ಎಣಿಸಿದ. ಒಂಬತ್ತು.

ಕೊನೆಯದನ್ನು ಬೆರಳಿನಿಂದ ಮುಟ್ಟಿದ. ಒದ್ದೆಯಾಗಿತ್ತು.

"ಯಾರ್ರಿ ಅಲ್ಲಿ?" ಎಂದು ಕೂಗಿದ. ದನಿ ಕೋಣೆಯಿಂದ ಕೋಣೆಗೆ ಹೋಗಿ, ತನ್ನದಲ್ಲದ ದನಿಯಾಗಿ ತಿರುಗಿ ಬಂತು. "ನಾಮದೇವ? ನಾ ಮೋಜಣಿಯಾಂವ ಅದೀನಿ. ನಿನಗ ಕೇಡ ಮಾಡಾಕ ಬಂದಾಂವ ಅಲ್ಲ."

ಹೊರಗೋಡೆಗೆ ಕಟ್ಟಿದ ಬಿದಿರಿನ ಅಟ್ಟಣೆ ಮಾತ್ರ ಸಣ್ಣಗೆ ಕಿರುಗುಟ್ಟಿತು. ಗಾಳಿ ಇರಲಿಲ್ಲ.

ಅವನು ಗೋಣಿಯ ಮೇಲೆ, ಆ ಕುಳಿಯಲ್ಲೇ ಕೂತು ನೋಡಿದ. ಅಲ್ಲಿ ಕೂತವನಿಗೆ ಊರು ಕಾಣುವುದಿಲ್ಲ, ರಸ್ತೆ ಕಾಣುವುದಿಲ್ಲ. ಇಟ್ಟಿಗೆಗಳ ನಡುವಿನ ಸಂದಿಯಲ್ಲಿ ಒಂದೇ ಒಂದು ಬಾಗಿಲು ಕಾಣುತ್ತದೆ. ಅದರ ಹೊಸ್ತಿಲಲ್ಲಿ ಒಬ್ಬ ಹೆಂಗಸು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾಮದೇವನ ಹೆಂಡತಿ ಸುಂದ್ರವ್ವ.

ಒಂಬತ್ತು ದಿನ ಒಬ್ಬ ಮನುಷ್ಯ ಇಲ್ಲಿ ಕೂತು ತನ್ನ ಹೆಂಡತಿಯನ್ನು ನೋಡಿದ್ದಾನೆ. ಕೆಳಗಿಳಿದು ಅವಳ ಹತ್ತಿರ ಹೋಗಿಲ್ಲ.

ಯಾರ ಹೆದರಿಕೆ ಇವನಿಗೆ?

ಸತ್ಯಪ್ಪನ ಬಾಯಿಗೆ ಒಂದೇ ಹೆಸರು ಬಂತು. ಆ ಹೆಸರಿನವನ ಜೀಪು ಆಗಲೇ ಓಣಿಯ ಬಾಯಿಗೆ ಬಂದು ನಿಂತ ಸದ್ದಾಯಿತು.

*

"ಬರ್ರಿ ಮಾಲಕರ, ಬರ್ರಿ," ಎಂದಳು ಮುದುಕಿ ತುಳಸವ್ವ, ಮೊದಲನೇ ಮನೆಯ ಕಟ್ಟೆಯ ಮೇಲಿಂದ. "ಬಿಸಲಾಗ ಬಂದೀರಿ. ನಿಮ್ಮ ಬಿಲ್ಡಿಂಗಿನ ನೆರಳ ನಮ್ಮ ಮನಿ ಮ್ಯಾಲ ಬಿದ್ದೈತಿ, ಅದರಾಗ ನಿಂದರ್ರಿ. ಬಾಡಗಿ ಕೇಳೂದಿಲ್ಲ."

"ಆಯಿ, ನಿನ್ನ ನಾಲಿಗಿಗೂ ಒಂದ ತಡೆಯಾಜ್ಞೆ ತರಬೇಕ ನೋಡು," ಎಂದು ಅಣ್ಣಾಸಾಬ ಟೋಪಿ ತೆಗೆದು ಗಾಳಿ ಹಾಕಿಕೊಂಡ.

ಐವತ್ತು ದಾಟಿದ ದಪ್ಪ ಮನುಷ್ಯ. ವಖಾರಿಯನ್ನು ಕೊಂಡು ಕೆಡವಿ ಈ ಕಟ್ಟಡ ಎಬ್ಬಿಸಿದವನು. ನಿಪ್ಪಾಣಿಯಲ್ಲಿ ಇಂಥದ್ದು ಇದೇ ಮೊದಲು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

ಕಟ್ಟಡ ಒಂದು ಕಡೆ, ಆರು ಮನೆಗಳ ಸಾಲು ಒಂದು ಕಡೆ. ನಡುವೆ ಹನ್ನೆರಡು ಅಡಿಯ ಓಣಿ. ಮನೆಗಳ ಎದುರು, ಓಣಿಯ ಅಂಚಿಗೆ ಮೊಣಕಾಲೆತ್ತರದ ಕರಿಕಲ್ಲು, ಜಾಗದ ಗಡಿ ತೋರಿಸುವ ಮೂಲೆಗಲ್ಲು. ಇಡೀ ತಂಟೆ ಈ ಕಲ್ಲಿನದು. ಕಲ್ಲು ನಿಂತ ಜಾಗ ನಿಜವಾದರೆ ವಖಾರಿಯ ಜಾಗ ಅಲ್ಲಿಗೇ ಮುಗಿಯಿತು. ಆರೂ ಮನೆ ಉಳಿದವು. ಯಾರೋ ಸರಿಸಿದ ಕಲ್ಲಾದರೆ ಮನೆಗಳು ಅಣ್ಣಾಸಾಬನ ಜಾಗದಲ್ಲಿವೆ. ಕಟ್ಟಡದ ಮುಂಬಾಗಿಲಿಗೆ ದಾರಿ ಬಿಡಲು ಬೀಳುತ್ತವೆ. ಹಳೆಯ ನಕಾಶೆಯ ಆ ಮೂಲೆಯನ್ನೇ ಗೆದ್ದಲು ತಿಂದಿತ್ತು. ಉಳಿದ ಮೂಲೆಗಳ ಕಲ್ಲುಗಳು ಕಟ್ಟಡದ ಪಾಯದಲ್ಲಿ ಹೂತುಹೋಗಿದ್ದವು. ಸಾಕ್ಷಿ ಹೇಳಲು ಇದೊಂದೇ ಉಳಿದಿತ್ತು.

ಸತ್ಯಪ್ಪ ಕಟ್ಟಡದಿಂದ ಹೊರಗೆ ಬಂದದ್ದೇ ತಡ, ಸುಂದ್ರವ್ವ ಮೊರ ಕೆಳಗಿಟ್ಟು ಎದ್ದಳು. ಅತ್ತು ಅತ್ತು ಅವಳ ಕಣ್ಣು ಬಾತಿದ್ದವು. ಕೈ ಮಾತ್ರ ತನ್ನಷ್ಟಕ್ಕೆ ಇಲ್ಲದ ಬೀಡಿಯನ್ನು ಸುತ್ತುತ್ತಿತ್ತು.

"ಸಾಹೇಬ್ರ, ನೀವು ಮ್ಯಾಲಿಂದ ಕೂಗಿದ್ರಿ. ಅವರ ಹೆಸರ ಹಿಡದ ಕೂಗಿದ್ರಿ. ಏನರ ಸಿಕ್ತೇನ್ರಿ? ಕೆಟ್ಟದ್ದಿದ್ರೂ ಹೇಳ್ರಿ. ಕಂಬದಾಗ ಅದಾರ ಅಂತಾರ ಮಂದಿ. ಒಂಬತ್ತ ದಿನಾ ಆತು, ಆ ಕಂಬ ನೋಡಕೋತ ಕುಂತೀನಿ."

ಮೂವತ್ತೆರಡು ವರ್ಷದ ಕಸುಬಿನಲ್ಲಿ ಸತ್ಯಪ್ಪ ಅಳತೆ ಮುಗಿಯುವ ಮೊದಲು ಬಾಯಿ ಬಿಟ್ಟವನಲ್ಲ. ಆದರೆ ಆ ಕೈ ನೋಡಿ ಅವನಿಗೆ ತಡೆಯಲಾಗಲಿಲ್ಲ.

"ನಿಮ್ಮ ಮನಿಯವರು ತಂಬಾಕ ತಿಂತಾರೇನು, ತಂಗಿ? ಸುಣ್ಣದ ಬೆರಳ ಹೆಂಗ ಒರಸ್ತಾರ?"

"ಓರೆ ಮಾಡಿ, ಒಂದರ ಕೆಳಗೊಂದ. ಮನ್ಯಾಗ ಬಾಗಲ ಚೌಕಟ್ಟ ತುಂಬ ಐತಿ ನೋಡ್ರಿ. ಎಷ್ಟ ಬೈದ್ರೂ..."

"ಹಂಗಾರ ಅಳಬ್ಯಾಡ. ಜೀವಂತ ಅದಾರ. ಮೂರನೇ ಮಜಲದಾಗ ಕುಂತಿದ್ರು, ಈಗಷ್ಟ."

ಓಣಿಯಲ್ಲಿ ಮಾತು ನಿಂತಿತು.

ಮನೆಗಳಿಂದ ಹೊರಬಂದು ನಿಂತಿದ್ದ ಗಂಡಸರು, ಹೆಂಗಸರು ಎಲ್ಲರೂ ಏಕಕಾಲಕ್ಕೆ ತಲೆ ಎತ್ತಿ ಮೂರನೇ ಮಜಲನ್ನು ನೋಡಿದರು. ಸುಂದ್ರವ್ವನ ಬಾಯಿ ತೆರೆಯಿತು, ಕೂಗುವವಳ ಹಾಗೆ. ಅವಳು ಒಮ್ಮೆ ಸುತ್ತ ನೋಡಿದಳು. ಮತ್ತೆ ಬಾಯಿ ಮುಚ್ಚಿದಳು.

"ಅದಾನ? ಖರೇನ?" ಎಂದು ಮುಂದೆ ಬಂದವನು ಅಣ್ಣಾಸಾಬ. "ಕರೀರಿ ಅವನ್ನ! ಸೋಮವಾರ ನನಗ ಅಂವ ಬೇಕು. ನಿಮ್ಮೆಲ್ಲಾರಕಿಂತ ಹೆಚ್ಚ ನನಗ ಬೇಕು."

ಬಲೆಯ ಪಕ್ಕದಲ್ಲಿ ನಿಂತು ಹಕ್ಕಿಯನ್ನು ಕರೆಯುವ ಬೇಟೆಗಾರ, ಎಂದುಕೊಂಡ ಸತ್ಯಪ್ಪ.

"ಹೆದರಿದ ಮನಷ್ಯಾ," ಎಂದ. "ನೀವು ಇಲ್ಲಿ ನಿಂತಾಗ ಅಂವ ಇಳಿಯೂದಿಲ್ಲ. ಮದಲ ಕಲ್ಲ ನೋಡೂಣು. ಯಾರರ ಹಾರಿ ತರ್ರಿ."

ಹಾರೆ ತಂದವನು ಭೀಮಸಿ. ಈ ಕಟ್ಟಡಕ್ಕೆ ಗೌಂಡಿಯಾಗಿ ದುಡಿದವನೇ, ಆದರೆ ಮನೆ ಈ ಸಾಲಿನ ಕೊನೆಯದು. ಉದ್ದ ಕೈಕಾಲಿನ, ಕಡಿಮೆ ಮಾತಿನ ಆಳು. ಕಲ್ಲಿನ ಹತ್ತಿರ ಕೂತು ಎರಡೂ ಕೈ ಮುಗಿದ. ಹಣೆ ಮುಟ್ಟಿಕೊಂಡ. ಆಮೇಲೆ ಹಾರೆ ಎತ್ತಿದ.

"ಏ ಭೀಮಸಿ, ಮುಗದದ್ದ ಸಾಕೋ," ಎಂದಳು ತುಳಸವ್ವ. "ಕಲ್ಲ ಎದ್ದ ಬಂದ ಪ್ರಸಾದ ಕೊಡತೈತೇನ?"

ಯಾರೂ ನಗಲಿಲ್ಲ. ತುಳಸವ್ವನೂ ನಗಲಿಲ್ಲ. ಅವಳ ಕಣ್ಣು ಇನ್ನೂ ಮೂರನೇ ಮಜಲಿನ ಮೇಲಿತ್ತು.

*

ಮೋಜಣಿಯವರಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮೂಲೆಗಲ್ಲು ನೆಡುವ ಮೊದಲು ಕುಣಿಯ ತಳಕ್ಕೆ ಒಂದು ಬುಟ್ಟಿ ಇದ್ದಿಲು ಸುರಿಯುತ್ತಿದ್ದರು. ಕಲ್ಲನ್ನು ಯಾರಾದರೂ ಕಿತ್ತು ಸರಿಸಿಯಾರು. ಕೆಳಗಿನ ಇದ್ದಿಲು ಯಾರ ನೆನಪಿನಲ್ಲೂ ಇರುವುದಿಲ್ಲ. ಅದು ಕೊಳೆಯುವುದಿಲ್ಲ, ಗೆದ್ದಲಿಗೆ ಬೇಡ. ಇದ್ದಿಲು ಸಿಕ್ಕರೆ ಕಲ್ಲು ತನ್ನ ಜಾಗದಲ್ಲಿದೆ. ಸಿಗದಿದ್ದರೆ ಕಲ್ಲು ಸುಳ್ಳು.

ಇದನ್ನು ಸತ್ಯಪ್ಪ ಯಾರಿಗೂ ಹೇಳಿರಲಿಲ್ಲ.

ಕಲ್ಲು ಅಲುಗಾಡಿತು, ವಾಲಿತು, ಇಬ್ಬರು ಹಿಡಿದು ಪಕ್ಕಕ್ಕೆ ಮಲಗಿಸಿದರು. ಭೀಮಸಿ ಸಲಿಕೆಯಿಂದ ಮಣ್ಣು ತೆಗೆದ. ಕೆಂಪು ಮಣ್ಣು. ಮತ್ತೆ ಕೆಂಪು ಮಣ್ಣು. ನಾಲ್ಕನೇ ಸಲಿಕೆಗೆ ಕರಿ ಚೂರುಗಳು ಬಂದವು.

"ಇದ್ದಲಿ," ಎಂದ ಸತ್ಯಪ್ಪ. ಅವನ ದನಿಯಲ್ಲಿ ಹಗುರಾದದ್ದು ಎಲ್ಲರಿಗೂ ಕೇಳಿಸಿತು. ಅದರ ಅರ್ಥವನ್ನು ಎರಡು ಮಾತಿನಲ್ಲಿ ಹೇಳಿದ. ಹೆಂಗಸರಲ್ಲಿ ಒಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೋ ಒಬ್ಬ ಚಪ್ಪಾಳೆ ತಟ್ಟಿದ.

ಅಣ್ಣಾಸಾಬನ ಮುಖ ಇಳಿದುಹೋಯಿತು. "ಸಾಧ್ಯನ ಇಲ್ಲ," ಎಂದ ಮೆಲ್ಲಗೆ.

ಸತ್ಯಪ್ಪ ಕುಣಿಯ ಅಂಚಿಗೆ ಮೊಣಕಾಲೂರಿ ಕೈ ಇಳಿಬಿಟ್ಟ. ಇದ್ದಿಲಿನ ಪದರ ಎಷ್ಟು ದಪ್ಪವೆಂದು ವರದಿಯಲ್ಲಿ ಬರೆಯಬೇಕು, ಅಷ್ಟಕ್ಕೇ. ಬೆರಳುಗಳು ಚೂರುಗಳ ನಡುವೆ ಹೋದವು. ತಳ ಮುಟ್ಟಿದವು.

ಅಲ್ಲಿ ಏನೋ ಗುಂಡಗಿದ್ದದ್ದು ಸಿಕ್ಕಿತು. ಅದರ ಪಕ್ಕ ಗಂಟುಗಂಟಾದ ಒಂದು ಬೇರು. ಅದರ ಪಕ್ಕ ತೆಳ್ಳಗೆ, ತಣ್ಣಗೆ, ದುಂಡಗೆ ಮತ್ತೊಂದು.

ಮೂರನ್ನೂ ಅಂಗೈಗೆ ತೆಗೆದುಕೊಂಡು, ಮೈ ಅಡ್ಡ ಮಾಡಿ, ಬೆರಳು ಸ್ವಲ್ಪವೇ ಸಡಿಲಿಸಿ ನೋಡಿದ.

ಒಂದು ಅಡಿಕೆ. ಒಂದು ಅರಿಷಿಣದ ಕೊಂಬು. ಸ್ಟೀಲಿನ ಸಣ್ಣ ಹೊಸ ರೂಪಾಯಿ. ಹೆಬ್ಬೆರಳಿನಿಂದ ಮಣ್ಣು ಒರೆಸಿದ. 1993.

ಬ್ರಿಟಿಷರ ಕಾಲದ ಕಲ್ಲಿನ ಕೆಳಗೆ ಹೋದ ವರ್ಷದ ನಾಣ್ಯ.

ಸರ್ಕಾರಿ ಮೋಜಣಿಯವರು ಕಲ್ಲಿಗೆ ಪೂಜೆ ಮಾಡುವುದಿಲ್ಲ. ಕುಣಿ ತೋಡುತ್ತಾರೆ, ಇದ್ದಿಲು ಸುರಿಯುತ್ತಾರೆ, ಕಲ್ಲು ಇಳಿಸಿ ಮುಂದಿನ ಮೂಲೆಗೆ ಹೋಗುತ್ತಾರೆ. ಆದರೆ ಗೌಂಡಿಯೊಬ್ಬ ಭೂಮಿತಾಯಿಗೆ ಅಡಿಕೆ, ಅರಿಷಿಣ, ದಕ್ಷಿಣೆ ಇಡದೆ ಬರೀ ನೆಲಕ್ಕೆ ಕಲ್ಲು ಇಳಿಸಲಾರ. ಸಂಡಾಸದ ಗೋಡೆಯಾದರೂ ಸರಿ. ಕಳ್ಳತನದ ಕಲ್ಲಾದರೂ ಸರಿ. ಅವನ ಕೈ ಬರುವುದಿಲ್ಲ.

ಸತ್ಯಪ್ಪ ತಲೆ ಎತ್ತಿದ. ಕುಣಿಯ ಆಚೆ ಭೀಮಸಿ ಸಲಿಕೆಯ ಮೇಲೆ ಗಲ್ಲ ಊರಿ ಅವನ ಮುಷ್ಟಿಯನ್ನೇ ನೋಡುತ್ತಿದ್ದ.

"ಮುಟಗ್ಯಾಗ ಏನೈತ್ರಿ?" ಇದು ಅಣ್ಣಾಸಾಬ.

"ಮಣ್ಣ."

"ಮಣ್ಣ ಅಷ್ಟ ಬಿಗಿ ಹಿಡೀತಾರೇನ್ರಿ?"

"ಸೋಮವಾರ ವರದಿ ಬರೀತೀನಿ. ಏನ ಸಿಕ್ಕೈತಿ, ಎಲ್ಲಾ ಅದರಾಗ ಇರತೈತಿ."

ಅಣ್ಣಾಸಾಬ ಟೋಪಿ ಹಾಕಿಕೊಂಡ.

"ಹೋಗತೀನಿ. ನಾ ನಿಂತ್ರ ನಾಮದೇವ ಇಳಿಯೂದಿಲ್ಲ ಅಂತೀರಲ್ಲ. ಒಂದ ಮಾತ ಕೇಳ್ರಿ ಸಾಹೇಬ್ರ. ನಾ ಒಳ್ಳೇಂವ ಅಲ್ಲ, ಊರಿಗೇ ಗೊತ್ತೈತಿ. ಆದ್ರ ಅಂವ ನನಗ ಹೆದರಿ ಹೋದಾಂವ ಅಲ್ಲ. ಹೋಗೂ ಹಿಂದಿನ ದಿನಾ ಸಂಜಿಕ ತಾನ ನಮ್ಮ ಮನಿಗೆ ಬಂದಿದ್ದ. ಕಟ್ಟಿ ಮ್ಯಾಲ ಕುಂತು ಚಾ ಕುಡದ ಹೋದ. ಹೆದರಿದಾಂವ ಎರಡನೇ ಕಪ್ ಕೇಳತಾನೇನ್ರಿ?"

ಜೀಪು ಹಿಂದಕ್ಕೆ ಸರಿದು ಧೂಳೆಬ್ಬಿಸಿ ಹೋಯಿತು.

*

"ಕುಂಡ್ರಿ," ಎಂದು ಸುಂದ್ರವ್ವ ಚಾಪೆ ಹಾಸಿ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಒಂದೇ ಕೋಣೆಯ ಮನೆ. ಬಾಗಿಲ ಚೌಕಟ್ಟಿನ ತುಂಬ ಸುಣ್ಣದ ಓರೆ ಗೆರೆಗಳು. ಮೂಲೆಯಲ್ಲಿ ಮಕ್ಕಳ ಎರಡು ಪಾಟಿಚೀಲಗಳು ಗೂಟಕ್ಕೆ ತೂಗುತ್ತಿದ್ದವು.

"ಹುಡುಗರೆಲ್ಲಿ?"

"ಕೊಗನೊಳ್ಳಿಗೆ ಕಳಸೀನ್ರಿ, ನಮ್ಮವ್ವನ ಕಡೆ. ಐದ ದಿನಾ ಆತು."

ಸತ್ಯಪ್ಪ ಬಾಗಿಲು ಮುಂದೆ ಮಾಡಿದ. ಚಾಪೆಯ ಮೇಲೆ ಅಡಿಕೆ ಇಟ್ಟ. ಅರಿಷಿಣದ ಕೊಂಬು ಇಟ್ಟ. ನಾಣ್ಯ ಇಟ್ಟ.

ಅವಳು ಆ ಮೂರನ್ನು ನೋಡಿದಳು. ಹೊರಗೆ ಯಾರೋ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಎಲ್ಲೋ ಒಂದು ಕದ ಕಿರುಗುಟ್ಟಿತು.

"ಭೀಮಸಿ ಇಟ್ಟದ್ದು," ಎಂದ ಸತ್ಯಪ್ಪ.

"ಅಡಿಕಿ ಅವಂದು," ಎಂದಳು ಸುಂದ್ರವ್ವ. "ಅರಿಷಿಣ ನಂದರಿ."

"ತಂಗಿ..."

"ಬರೇ ನೆಲಕ್ಕ ಕಲ್ಲ ಇಳಸೂದಿಲ್ಲ ಅಂತ ಹಟಾ ಹಿಡದ. ನಮ್ಮವರು ನಕ್ರು. 'ಮೋಜಣಿ ಕಲ್ಲಿಗೆ ದೇವರಿಲ್ಲೋ ಭೀಮಸಿ' ಅಂದ್ರು. ಅಂವ ಕೇಳಲಿಲ್ಲ. ನಾ ಒಳಗ ಬಂದು ಡಬ್ಬಿಯೊಳಗಿಂದ ಅರಿಷಿಣ ತಗದ ಕೊಟ್ಟೆ. ಪಾಯಾ ತಗದಿದ್ರು ಆಗ, ಹೋದ ವರ್ಷ. ಹಳೇ ಕುಣ್ಯಾಗಿನ ಇದ್ದಲೀನ ಆರಿಸಿ ಬುಟ್ಟ್ಯಾಗ ತುಂಬಿ ತಂದ್ರು. ಅದು ನಮ್ಮವರ ಬುದ್ಧಿ. ಹದಿನೆಂಟ ವರ್ಷ ಮೋಜಣಿಯವರ ಅಳತಿ ಸರಪಳಿ ಹಿಡದಾರಲ್ರಿ. ನಿಮ್ಮ ಗುಟ್ಟ ಅವರಿಗೆ ಗೊತ್ತಿತ್ತು."

"ಕಲ್ಲ ಮದಲ ಎಲ್ಲಿತ್ತು?"

"ಹಿತ್ತಲದಾಗ. ಅದರ ಕುಣಿ ಮ್ಯಾಲ ಈಗ ಅರಬಿ ಒಗಿಯೂ ಕಲ್ಲ ಹಾಕೀವಿ."

ಅಂದರೆ ಆರೂ ಮನೆ ವಖಾರಿಯ ಜಾಗದಲ್ಲಿವೆ. ಅಣ್ಣಾಸಾಬ ಹೇಳಿದ್ದೇ ನಿಜ. ಸತ್ಯಪ್ಪನಿಗೆ ನೀರಿನ ತಂಬಿಗೆ ಎತ್ತಲೂ ಮನಸ್ಸಾಗಲಿಲ್ಲ. ಮುಂಜಾನೆಯಿಂದ ಅವನು ಯಾರ ಪರವಾಗಿ ಕಲ್ಲು ಮಾತಾಡಲಿ ಎಂದು ಬಯಸಿದ್ದನೋ, ಕಲ್ಲು ಅವರ ವಿರುದ್ಧವೇ ಮಾತಾಡಿತ್ತು.

"ಹಳೇ ಮಾಲಕರು ಇರ್ರಿ ಅಂದಿದ್ರು, ಸಾಹೇಬ್ರ. ಬಾಯಿ ಮಾತಲೆ. ಕಾಗದಾ ಮಾಡಿ ಕೊಡಲಿಲ್ಲ, ಸತ್ತ ಹೋದ್ರು. ನಮ್ಮತ್ತಿ ಇಲ್ಲೇ ಸತ್ತಳು. ನನ್ನ ಹುಡುಗರು ಇಲ್ಲೇ ಹುಟ್ಟಿದ್ವು. ಎಲ್ಲಿ ಹೋಗಬೇಕಾಗಿತ್ತರಿ ಆರ ಮನಿ ಮಂದಿ?"

"ಅರ್ಜಿ ನಾಮದೇವನ ಯಾಕ ಕೊಟ್ಟ?"

"ಓಣ್ಯಾಗ ಬರಿಯಾಕ ಬರೂದು ಅವರಿಗೊಬ್ಬರಿಗೆ. ಎಲ್ಲಾರೂ ಕೂಡಿ ಅವರ ಹೆಸರ ಹಾಕಿಸಿದ್ರು. ಆಮ್ಯಾಲ ನೋಟೀಸ ಬಂತು. ಪ್ರಮಾಣ ಮಾಡಿ ಹೇಳಬೇಕಂತ. ಅವತ್ತಿಂದ ನಿದ್ದಿ ಇಲ್ಲ, ಊಟಾ ಇಲ್ಲ. 'ಸರಪಳಿ ಹಿಡದ ಕೈಲೆ ಸುಳ್ಳ ಪ್ರಮಾಣ ಮಾಡೂದು ಆಗಂಗಿಲ್ಲ, ಸುಂದ್ರಾ. ಮನಿ ಬಿದ್ರ ಮತ್ತೊಂದ ಕಟ್ಟೂಣು' ಅಂದ್ರು. ಕಾಣೆ ಆಗೂ ಹಿಂದಿನ ದಿನಾ ಸಂಜಿಕ ಅಣ್ಣಾಸಾಬನ ಮನಿಗೆ ಹೋಗಿ, ಆರೂ ಮನ್ಯಾವರಿಗೆ ಬ್ಯಾರೆ ಕಡೆ ಜಾಗಾ ಕೊಟ್ರ ಖರೇ ಹೇಳತೀನಿ ಅಂದ್ರಂತ. ಬಂದು ನಳದ ಮುಂದ ಎಲ್ಲಾರಿಗೂ ಹೇಳಿದ್ರು."

"ಏನಂದ್ರು ಎಲ್ಲಾರೂ?"

ಸುಂದ್ರವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು.

"ಯಾರೂ ಜಗಳಾ ಮಾಡಲಿಲ್ಲರಿ. ಒಂದ ಮಾತ ಬಯ್ಯಲಿಲ್ಲ. ಭೀಮಸಿ ಕೊಡಾ ತುಂಬಾಕತ್ತಿದ್ದ. ತುಂಬಿ ಹೆಗಲ ಮ್ಯಾಲ ಇಟಗೊಂಡು, 'ಆ ಸೋಮವಾರ ತನಕ ನೀ ಇರಬೇಕಲ್ಲ, ಅಣ್ಣಾ' ಅಂದ. ತುಳಸವ್ವಾಯಿ ನಕ್ಕಳು. ಎಲ್ಲಾರೂ ನಕ್ರು."

ಅವಳು ಮುಂದೆ ಮಾಡಿದ ಬಾಗಿಲ ಕಡೆ ಒಮ್ಮೆ ನೋಡಿದಳು.

"ನಾನೂ ನಕ್ಕೆ, ಸಾಹೇಬ್ರ. ಚ್ಯಾಷ್ಟಿ ಅಂತ ತಿಳದೆ. ಮುಂಜಾನೆದ್ದು ನೋಡಿದ್ರ ಹಾಸಿಗಿ ಖಾಲಿ. ಅವತ್ತಿಂದ ಓಣಿಯವರೆಲ್ಲಾ ನನ್ನ ಎಷ್ಟ ಚಲೋ ನೋಡಕೊಳ್ಳಾಕತ್ತಾರ ಅಂದ್ರ, ದಿನಾ ಒಂದ ಮನಿಯಿಂದ ಬುತ್ತಿ ಬರತೈತಿ. ತಿನ್ನಾಕ ನನಗ ಹೆದರಿಕಿ ಬರಾಕತ್ತಿತು. ಹುಡುಗರನ ಕಳಿಸಿದೆ."

"ಇಷ್ಟ ದಿನಾ ಯಾಕ ಬಾಯಿ ಬಿಡಲಿಲ್ಲ?"

"ಸತ್ತಾರ ಅಂತ ತಿಳದಿದ್ದೆ. ಸತ್ತಾವರು ತಿರಗಿ ಬರೂದಿಲ್ಲ, ಹುಡುಗರಿಗೆ ಮನಿಯರ ಉಳೀಲಿ ಅಂತ ಕಲ್ಲಾಗಿ ಕುಂತೆ. ಕಂಬ ನೋಡಕೋತ ಕುಂತೆ." ಅವಳು ಚಾಪೆಯ ಮೇಲಿನ ಮೂರನ್ನೂ ಎರಡೂ ಕೈಯಿಂದ ಅವನ ಕಡೆಗೆ ಸರಿಸಿದಳು. "ಈಗ ಅದಾರಂತ ಗೊತ್ತಾತು. ಬರೀರಿ ಸಾಹೇಬ್ರ. ಕಲ್ಲ ನಾವ ಸರಿಸೀವಿ ಅಂತ ಬರೀರಿ. ನನ್ನ ಹೆಬ್ಬಟ್ಟ ಹಚ್ಚತೀನಿ. ಮನಿ ಹೋಗ್ಲಿ. ಅವರನ್ನ ಮದಲ ಕೆಳಗ ಇಳಿಸ್ರಿ."

"ಇಳಸೂಣು. ನನಗ ಹೆದರೂದಿಲ್ಲ ಅಂವ. ನೀನೂ ಬಾ, ನಿನ್ನ ದನಿ ಕೇಳಿದ್ರ..."

"ಅವರು ನಿಮಗ ಹೆದರಿ ಅಡಗಿಲ್ಲ. ಅಣ್ಣಾಸಾಬಗ ಹೆದರಿ ಅಡಗಿಲ್ಲ." ಅವಳು ಸತ್ಯಪ್ಪನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವನಿಗೆ ತಾಳಲಾಗಲಿಲ್ಲ. "ಓಣಿಯವರು ಕಾಲಿಡಲಾರದ ಜಾಗಾ ಅಂದ್ರ ಅದೊಂದ. ಅದಕ್ಕ ಅಲ್ಲಿ ಹೋಗಿ ಕುಂತಾರ. ಎಲ್ಲಿ ಅದಾರ ಅಂತ ಯಾರಿಗೂ ಗೊತ್ತಿರಲಿಲ್ಲ, ಸಾಹೇಬ್ರ. ನೀವು ಹೇಳೂ ತನಕ."

ಸತ್ಯಪ್ಪನಿಗೆ ಆಗ ಅದು ಹೊಳೆಯಿತು. ಒಂಬತ್ತು ದಿನ ಕಾಣೆಯಾದ ಮನುಷ್ಯ ತಲೆಯ ಮೇಲೇ ಇದ್ದಾನೆಂದರೆ ನೆರೆಯವರು ಹೆಸರು ಹಿಡಿದು ಕೂಗುತ್ತಾರೆ. ಕೈ ಬೀಸುತ್ತಾರೆ. ಅಳುತ್ತಾರೆ, ಬಯ್ಯುತ್ತಾರೆ. ಇಡೀ ಓಣಿ ತಲೆ ಎತ್ತಿ ನೋಡಿತ್ತು, ಒಬ್ಬರೂ ಕೂಗಿರಲಿಲ್ಲ.

ಹೊರಗಿನ ತಗ್ಗಿದ ಮಾತು ಯಾವಾಗ ನಿಂತಿತೋ ಅವನಿಗೆ ಗೊತ್ತಾಗಿರಲಿಲ್ಲ.

ಎದ್ದವನೇ ಬಾಗಿಲು ತೆರೆದ.

ಓಣಿ ಬಣಗುಡುತ್ತಿತ್ತು. ಕುಣಿಯ ಪಕ್ಕ ಕರಿಕಲ್ಲು ಮಲಗಿತ್ತು. ಆಚೀಚೆಯ ಐದೂ ಮನೆಯ ಬಾಗಿಲು ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ. ಯಾರದೋ ಒಲೆಯ ಮೇಲೆ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ತಿರುವಿಹಾಕುವವರಿಲ್ಲ.

"ಸಾಹೇಬ್ರ," ಎಂದಳು ಸುಂದ್ರವ್ವ ಅವನ ಬೆನ್ನ ಹಿಂದಿನಿಂದ. ಅವಳ ಕೈ ಎದುರಿನ ಕಟ್ಟಡದ ಕಡೆ ಚಾಚಿತ್ತು.

ಬಾಗಿಲಿಲ್ಲದ ಆ ಬಾಗಿಲಲ್ಲಿ, ಮೊದಲ ಮೆಟ್ಟಿಲಿನ ಬುಡಕ್ಕೆ, ಹನ್ನೊಂದು ಜೋಡಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟಿದ್ದರು. ಮೆಟ್ಟಿಲ ಮೇಲೆ ಸಪ್ಪಳ ಆಗದಿರಲೆಂದು. ಎಲ್ಲಕ್ಕಿಂತ ಮುಂದಿನ ಜೋಡಿ ಮುದುಕಿ ತುಳಸವ್ವನದು.